ಅವ್ವನ ಕೈಗುಣ

ನಮ್ಮ ಮನೆಯ ಹೊಸ್ತಿಲ ಮೇಲೆ ನಿಂತು ‘ಇಲ್ಲ’ ಎನ್ನುವಂತಿರಲಿಲ್ಲ. ಇದು ಆಯಿಯ ಕಾಯಿದೆ. ಆಯಿ ಎಂದರೆ ಅಪ್ಪನ ತಾಯಿ. ಅಕ್ಕಿ ತೀರಿದರೆ ‘ತುಂಬ್ಯಾವ’ ಎನ್ನಬೇಕು, ಉಪ್ಪು ಮುಗಿದರೆ ‘ಹೆಚ್ಚಾಗೇದ’ ಎನ್ನಬೇಕು, ಬಳೆ ಒಡೆದರೂ ‘ಹೆಚ್ಚಿದವು’ ಎನ್ನಬೇಕು. ಪಕ್ಕದ ಮನೆಯವರು ಹೆಪ್ಪು ಕೇಳಲು ಬಂದಾಗ ನಮ್ಮ ಮೊಸರಿನ ಗಡಿಗೆ ಬರಿದಾಗಿದ್ದರೆ, ‘ಸಂಜೀಕ ಬಂದು ಒಯ್ಯಿರಿ’ ಎಂದು ಹೇಳಿ, ಸಂಜೆಯೊಳಗೆ ಇನ್ನೊಬ್ಬರ ಮನೆಯಿಂದ ತಂದಿಡಬೇಕು. ಲಕ್ಷ್ಮಿ ಬರುವ ದಾರಿಯಲ್ಲಿ ನಿಂತು ಇಲ್ಲ ಎಂದರೆ ಅವಳು ಅದನ್ನೇ ನಿಜವೆಂದು ತಿಳಿದು ಹೊರಳಿ ಹೋಗುತ್ತಾಳೆ ಎಂದು ಆಯಿ ಹೇಳುತ್ತಿದ್ದಳು. ಮಕ್ಕಳಾದ ನಾವು ಬಹಳ ಬೇಗ ಸುತ್ತುಬಳಸಿ ಮಾತಾಡುವುದನ್ನು ಕಲಿತೆವು. ಅವ್ವ ಅದನ್ನೂ ಕಲಿಯಲಿಲ್ಲ. ಕೇಳಲು ಬಂದವರು ಕೇಳಿ ಮುಗಿಸುವ ಮೊದಲೇ ಅವಳ ಬಾಯಿಂದ ‘ಬರ್ತೀನಿ ತಗೋರಿ’ ಎಂದು ಬಂದುಬಿಡುತ್ತಿತ್ತು. ಈ ವಯಸ್ಸಿನಲ್ಲಿಯೂ ಯಾರಾದರೂ ಫೋನು ಮಾಡಿ ನನಗೊಂದು ಕೆಲಸ ಒಪ್ಪಿಸಲು ನೋಡಿದಾಗ ನನ್ನ ನಾಲಿಗೆಯ ತುದಿಗೆ ಮೊದಲು ಬರುವುದು ಅವ್ವನ ಆ ಮಾತೇ. ಅದನ್ನು ನುಂಗಿ ಬೇರೆ ಮಾತು ಆಡಲು ನನಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಗುತ್ತದೆ.

ಜೋರಾಪುರ ಪೇಟೆಯ ಒಂದು ಓಣಿಯಲ್ಲಿ ನಮ್ಮ ಮನೆ ಇತ್ತು. ಊರನ್ನು ನಾವು ಆಗ ಬಿಜಾಪುರ ಎನ್ನುತ್ತಿದ್ದೆವು. ಹೊರಗೆ ಕಲ್ಲಿನ ಕಟ್ಟೆ, ಒಳಗೆ ಬಂದರೆ ಪಡಸಾಲೆ, ಅದರ ಅರ್ಧದಷ್ಟು ಜಾಗದಲ್ಲಿ ಅಪ್ಪನ ಅಂಗಡಿಯಲ್ಲಿ ಹಿಡಿಸದ ಜೋಳದ ಚೀಲಗಳು. ಅದರಾಚೆ ನಡುಮನೆ, ಅಲ್ಲಿ ದೇವರ ಜಗಲಿ, ಜಗಲಿಯ ಪಕ್ಕದ ಮೂಲೆಯಲ್ಲಿ ಆಯಿಯ ಹಾಸಿಗೆ. ಕೊನೆಗೆ ಅಡುಗೆಮನೆ, ಹಿತ್ತಲು. ಮಣ್ಣಿನ ಮಾಳಿಗೆಯ ಮನೆಯಾದ್ದರಿಂದ ಕಿಟಕಿಗಳು ಕಡಿಮೆ. ನಡುಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿಯುವ ಬಿಸಿಲಿನ ತುಂಡು ಬೆಳಿಗ್ಗೆ ಪಡುವಣ ಗೋಡೆಯ ಮೇಲೆ ಮೂಡಿ, ಮೆಲ್ಲಗೆ ಕೆಳಗಿಳಿದು, ನೆಲದ ಮೇಲೆ ಹರಿದು, ಮಧ್ಯಾಹ್ನದ ಹೊತ್ತಿಗೆ ಬೀಸುವ ಕಲ್ಲನ್ನು ಮುಟ್ಟುತ್ತಿತ್ತು. ಆಯಿಯ ಗಡಿಯಾರ ಅದು. ಅಪ್ಪ ಕೀಲಿ ಕೊಡುತ್ತಿದ್ದ ಗೋಡೆ ಗಡಿಯಾರವನ್ನು ಅವಳು ನಂಬುತ್ತಿರಲಿಲ್ಲ. ಬಿಸಿಲು ಗೋಡೆಯ ಗೂಟಕ್ಕೆ ಬಂದಾಗ ಅವಳ ಸ್ನಾನ ಪೂಜೆ ಮುಗಿದಿರಬೇಕು, ಬಿಸಿಲು ನೆಲ ಮುಟ್ಟಿದಾಗ ಕಾಳು ಆರಿಸಲು ಕೂತಿರಬೇಕು, ಕಲ್ಲನ್ನು ಮುಟ್ಟಿದಾಗ ಊಟ. ಮನೆ ಬಿದ್ದರೂ ಆ ಊಟ ತಪ್ಪುತ್ತಿರಲಿಲ್ಲ. ಊಟವಾದ ಮೇಲೆ ಬಿಸಿಲು ಕಲ್ಲನ್ನು ದಾಟುವವರೆಗೆ ಅವಳು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಆಗ ಯಾರೂ ಮಾತಾಡಿಸುವಂತಿರಲಿಲ್ಲ. ಹಾಸಿಗೆ ಮಡಿಸುವುದರಿಂದ ಹಿಡಿದು ತಂಬಿಗೆಯನ್ನು ಬೋರಲು ಹಾಕುವವರೆಗೆ ನನಗಿರುವ ಶಿಸ್ತೆಲ್ಲ ಆಯಿಯದು. ಮುಂದೆ ನಾನು ಹುಡುಗಿಯರ ಹಾಸ್ಟೆಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಅಲ್ಲಿನ ಗಂಟೆ ನನಗೆ ಹೊಸದೆನಿಸಲಿಲ್ಲ.

ಅವ್ವನ ಹೆಸರು ಗೌರವ್ವ, ತವರು ಬಬಲೇಶ್ವರ. ಅವಳಿಗೆ ಹೊತ್ತು ಎಂಬುದೇ ಇರಲಿಲ್ಲ, ಏಕೆಂದರೆ ಅವಳಿಗೆ ಕೈಗುಣ ಇತ್ತು. ಅವಳು ಹೆತ್ತ ಮಕ್ಕಳೆಲ್ಲ ಬದುಕಿದ್ದೆವು, ಗಂಡ ಇದ್ದ, ತವರಿನಲ್ಲಿ ತಂದೆತಾಯಿ ಇದ್ದರು, ಆ ಕಾಲಕ್ಕೆ ಅದೇ ದೊಡ್ಡ ಮಾತು. ಅದರ ಮೇಲೆ, ಅವಳು ಕೈ ಹಚ್ಚಿದ ಉಪ್ಪಿನಕಾಯಿ ಯಾರದೋ ಮನೆಯಲ್ಲಿ ಎರಡು ಬೇಸಿಗೆ ಕೆಡದೆ ಉಳಿಯಿತಂತೆ. ಅವಳು ಉಡಿ ತುಂಬಿದ ಮದುಮಗಳೊಬ್ಬಳು ವರ್ಷದೊಳಗೆ ಗಂಡು ಹೆತ್ತಳಂತೆ. ಅಲ್ಲಿಂದ ಪೇಟೆಯ ಯಾವ ಮನೆಯಲ್ಲಿ ಮದುವೆ ಗೊತ್ತಾದರೂ, ಬೀಸುವ ಕಲ್ಲಿಗೆ ಅರಿಷಿಣ ಹಚ್ಚಿ ಮೊದಲ ಹಿಡಿ ಕಾಳು ಹಾಕಲು ಅವ್ವನೇ ಬೇಕು. ಶ್ಯಾವಿಗೆಯ ಮೊದಲ ಎಳೆ ಅವಳದೇ, ಹಪ್ಪಳದ ಮೊದಲ ಉಂಡೆ ಅವಳದೇ. ಅರಕೇರಿಯಿಂದ ಒಬ್ಬಾಕೆ ಹೊಸ ಕಡಗೋಲನ್ನು ಹೆಗಲ ಮೇಲೆ ಹೊತ್ತು ತಂದು, ‘ಗೌರವ್ವಾ, ಒಮ್ಮಿ ಕೈ ಮುಟ್ಟಿಸಿ ಕೊಡು’ ಎಂದು ಕಟ್ಟೆಯ ಮೇಲೆ ಕೂತಿದ್ದಳು. ಆಯಿ ಒಳಗಿನಿಂದಲೇ ಗೊಣಗಿದಳು:

“ನಾಳೆ ಊರಾಗಿನ ಎಮ್ಮಿ ಈಯೂದಕ್ಕೂ ಈಕೀನ ಕರೀತಾರ ನೋಡು. ಹೋಗಿ ಬಾಲಕ್ಕ ಕುಂಕುಮ ಹಚ್ಚಿ ಬರ್ತಾಳ.”

ಕೇಳುವವರ ದೃಷ್ಟಿಯಲ್ಲಿ ಅದು ಒಂದು ಹಿಡಿ ಕಾಳಿನ ಕೆಲಸ. ಆದರೆ ಕೈ ಹಚ್ಚಿದವಳು ಅವತ್ತಿನ ಕೆಲಸ ಮುಗಿಯುವ ಮೊದಲು ಎದ್ದು ಹೋಗಬಾರದು, ಹೋದರೆ ಕೆಲಸ ನಡುವೆ ನಿಲ್ಲುತ್ತದೆ ಎಂಬ ನಂಬಿಕೆ ಇತ್ತು. ಹಾಗಾಗಿ ಒಂದು ಹಿಡಿ ಕಾಳೆಂದರೆ ಒಂದು ಇಡೀ ದಿನ. ಬೆಳಗಾಗುವಷ್ಟರಲ್ಲಿ ಹೋದವಳು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಬರುವಾಗ ಸೆರಗಿನಲ್ಲಿ ಒಂದು ಕುಪ್ಪಸದ ಖಣ, ಎಲೆ ಅಡಿಕೆ, ಒಂದು ಕೊಬ್ಬರಿ ಬಟ್ಟಲು. ಆ ಖಣಗಳನ್ನೆಲ್ಲ ಅವಳು ಟ್ರಂಕಿನಲ್ಲಿ ಇಡುತ್ತಿದ್ದಳು. ಇಳಕಲ್ಲಿನವು, ಗುಳೇದಗುಡ್ಡದವು, ಕೆಂಪು, ಹಸಿರು, ನವಿಲು ಬಣ್ಣದವು. ಟ್ರಂಕಿನ ಮುಚ್ಚಳ ಕೂರದಷ್ಟು ತುಂಬಿದ್ದವು. ಅವಳ ಮೈಮೇಲಿನ ಕುಪ್ಪಸ ಮಾತ್ರ ಬಗಲಲ್ಲಿ ಹರಿದಿರುತ್ತಿತ್ತು. ಹೊಲಿಸಲು ಹೊತ್ತೆಲ್ಲಿತ್ತು?

ಅವಳಿಗಿಂತ ಮೊದಲು ಹೂಂ ಎನ್ನುವವನು ಅಪ್ಪ. ಕಾಳಿನ ವ್ಯಾಪಾರಿಗೆ ಎಲ್ಲರ ಮುಖವೂ ಬೇಕು. ಅಂಗಡಿಗೆ ಬಂದವರು ಮನೆಯ ಮಾತು ತೆಗೆದರೆ ತಕ್ಕಡಿ ಹಿಡಿದುಕೊಂಡೇ, ‘ನಮ್ಮಾಕಿ ಬರ್ತಾಳ್ರಿ, ನೀವೇನ ಚಿಂತಿ ಮಾಡಬ್ಯಾಡ್ರಿ’ ಎನ್ನುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದಾಗ ಅದನ್ನು ಅವ್ವನಿಗೆ ಹೇಳುವುದು ಅವನಿಗೆ ನೆನಪಾದರೆ ಆಯಿತು. ಇಲ್ಲವಾದರೆ ಮರುದಿನ ನಸುಕಿನಲ್ಲಿ ಯಾರೋ ಬಾಗಿಲು ಬಡಿಯುತ್ತಿದ್ದರು. ಅವ್ವ ಕಣ್ಣುಜ್ಜಿಕೊಳ್ಳುತ್ತ ಎದ್ದು ಹೋಗಿ ‘ಬರ್ತೀನಿ ತಗೋರಿ’ ಎನ್ನುತ್ತಿದ್ದಳು. ಕೆಟ್ಟ ಮನುಷ್ಯನಲ್ಲ ನನ್ನ ಅಪ್ಪ. ಅವನು ಕೊಡುತ್ತಿದ್ದುದು ತನ್ನ ಹೊತ್ತಲ್ಲವಾದ್ದರಿಂದ ಅದರ ತೂಕ ಅವನ ಕೈಗೆ ಹತ್ತುತ್ತಿರಲಿಲ್ಲ, ಅಷ್ಟೇ.

ಅವ್ವ ಬಿಟ್ಟುಹೋದ ಹೊತ್ತನ್ನು ಯಾರಾದರೂ ತುಂಬಲೇಬೇಕಲ್ಲ. ನಾನು ಹಿರಿಯವಳು. ಅವಳು ಹೋದ ದಿನ ರೊಟ್ಟಿ ನನ್ನದು. ತಟ್ಟುವಾಗ ಅಂಚು ಬಿರಿಯುತ್ತಿತ್ತು, ಹೆಂಚಿನ ಮೇಲೆ ಒಂದು ಮಗ್ಗುಲು ಕರಿಯಾಗುತ್ತಿತ್ತು. ತಮ್ಮಂದಿರು ತಾಟಿನ ಮುಂದೆ ಕೂತು, ‘ಇವತ್ತ ರೊಟ್ಟಿ ಅಲ್ಲಲೇ, ಛಾವಣಿ ಹೆಂಚ ಮಾಡ್ಯಾಳ’ ಎಂದು ನಗುತ್ತಿದ್ದರು. ಅವರಿಗೆ ಉಣಿಸಿ, ಕೂಸಿನಂಥ ತಂಗಿಗೆ ಜಡೆ ಹಾಕಿ, ನಳದ ನೀರು ನಿಲ್ಲುವ ಮೊದಲು ಕೊಡ ತುಂಬಿ, ಸಾಲಿಗೆ ಓಡುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಎಷ್ಟೋ ದಿನ ಹೋಗುವುದೇ ಆಗುತ್ತಿರಲಿಲ್ಲ. ಆಯಿ ನೆರವಿಗೆ ಬರುತ್ತಿದ್ದಳು, ಆದರೆ ತನ್ನ ಹೊತ್ತಿನಲ್ಲಿ, ತನ್ನ ಕೆಲಸ ಮಾತ್ರ. ಕಾಳು ಆರಿಸುತ್ತಿದ್ದಳು, ಕೂಸನ್ನು ಮಲಗಿಸುತ್ತಿದ್ದಳು. ಒಲೆಯ ಮುಂದೆ ಮಾತ್ರ ಕೂರುತ್ತಿರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿತ್ತು. ಮನೆಯಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗ ಒಬ್ಬಳು ಬಿಸಿಲಿನ ತುಂಡು ನೋಡಿಕೊಂಡು ಊಟಕ್ಕೆ ಏಳುತ್ತಾಳಲ್ಲ ಎಂದು.

ಏಳನೆಯ ಇಯತ್ತೆಯ ಪರೀಕ್ಷೆಗೆ ಆಗ ಮುಲ್ಕಿ ಎನ್ನುತ್ತಿದ್ದರು. ಅದು ಪಾಸಾದರೆ ಮುಂದಿನ ಸಾಲಿ, ಇಲ್ಲವಾದರೆ ಮನೆ, ಆಮೇಲೆ ಮದುವೆ. ಹುಡುಗಿಯರಿಗೆ ಎರಡನೆಯ ಸಲ ಕೂರುವ ಅವಕಾಶವನ್ನು ಯಾವ ಮನೆಯೂ ಕೊಡುತ್ತಿರಲಿಲ್ಲ. ನಾನು ಅದಕ್ಕೆ ಕೂರಬೇಕಿದ್ದ ವರ್ಷ, ಚಳಿ ಇಳಿಯುತ್ತಿದ್ದ ಹಾಗೆ, ಪಾಠ ಹೇಳುತ್ತಿದ್ದ ನಮ್ಮ ಅಕ್ಕೋರು ನನ್ನನ್ನು ಬೋರ್ಡಿನ ಪಕ್ಕ ನಿಲ್ಲಿಸಿ ಕೇಳಿದರು:

“ಯಾಕ ಕಮಲಾ, ನಿನಗ ಪರೀಕ್ಷಾ ಕೊಡೂದದನೋ ಇಲ್ಲೋ? ವಾರದಾಗ ಅರ್ಧ ದಿನ ಇರೂದಿಲ್ಲ. ಮನ್ಯಾಗ ಏನ ಮಾಡ್ತಿ?”

“ರೊಟ್ಟಿ ಮಾಡ್ತೀನ್ರಿ.”

“ನಿಮ್ಮವ್ವಗ ಮೈಯಾಗ ಆರಾಮಿಲ್ಲೇನು?”

“ಆರಾಮ ಅದಾಳ್ರಿ. ಶ್ಯಾವಿಗಿ ಮಾಡಾಕ ಹೋಗ್ಯಾಳ್ರಿ.”

ಇಡೀ ತರಗತಿ ನಕ್ಕಿತು. ಅಕ್ಕೋರು ನಗಲಿಲ್ಲ. ಇನ್ನು ಹೀಗೇ ತಪ್ಪಿಸಿದರೆ ಪರೀಕ್ಷೆಗೆ ನನ್ನ ಹೆಸರು ಕಳಿಸುವುದಿಲ್ಲ ಎಂದು ಹೇಳಿ ಕೂರಿಸಿದರು. ಅವತ್ತು ಸಂಜೆ ಅವ್ವ ಬಂದಾಗ ನಾನು ಒಲೆಯ ಮುಂದೆ ಕೂತಿದ್ದೆ. ಅವಳು ಹೊಸ ಖಣವನ್ನು ಟ್ರಂಕಿನಲ್ಲಿ ತುರುಕಿ, ಅಡುಗೆಮನೆಯ ಗೋಡೆಗೆ ಒರಗಿ ನಿಂತು, ನಾನು ಮಾಡಿದ ರೊಟ್ಟಿಯನ್ನು ನಿಂತಲ್ಲೇ ಮುರಿದು ತಿನ್ನತೊಡಗಿದಳು. ಬಲಗೈ ಮೇಲೆತ್ತಲು ಬಾರದೆ ಎಡಗೈಯಿಂದ ತಿನ್ನುತ್ತಿದ್ದಳು. ಶ್ಯಾವಿಗೆ ಹೊಸೆದು ಹೊಸೆದು ಅವಳ ಬಲ ರಟ್ಟೆ ಮದುವೆಗಳ ಕಾಲದಲ್ಲಿ ಹಾಗಾಗುತ್ತಿತ್ತು. ನಾನು ಅಕ್ಕೋರು ಹೇಳಿದ್ದನ್ನು ಹೇಳಿದೆ.

“ಪರೀಕ್ಷಾ ಮುಗಿಯೂ ತನಕ ನಾ ಮನ್ಯಾಗ ಇರ್ತೀನಿ, ತಗೋ,” ಎಂದಳು ಅವ್ವ.

“ನೀ ಊರಿಗೆಲ್ಲಾ ಹೂಂ ಅಂತಿ. ಈಗ ನನಗೂ ಹೂಂ ಅಂದಿ. ಇದರಾಗ ಯಾವ ಹೂಂ ಖರೇ ಬೇ?”

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಉಳಿದ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟಳು. ಆಮೇಲೆ ಒಂದು ತಂಬಿಗೆ ನೀರು ಕುಡಿದು, ನನ್ನನ್ನು ಎಬ್ಬಿಸಿ, ತಾನೇ ಒಲೆಯ ಮುಂದೆ ಕೂತು ಎಡಗೈಯಲ್ಲಿ ಉರಿ ಸರಿಸಿದಳು.

ತಿಕೋಟಾದ ನೀಲವ್ವತ್ತಿ ಬಂದದ್ದು ಪರೀಕ್ಷೆ ಹತ್ತಿರವಾದಾಗ. ಅವಳು ಅಪ್ಪನ ಅಕ್ಕ, ಆಯಿಯ ಹಿರಿಯ ಮಗಳು. ಬಸ್ಸಿಳಿದು ಟಾಂಗಾದಲ್ಲಿ ಬರುವ ಸಪ್ಪಳಕ್ಕೇ ನಾವು ಅವಳನ್ನು ಗುರುತಿಸುತ್ತಿದ್ದೆವು, ಓಣಿಯ ತಿರುವಿನಿಂದಲೇ ಅವಳ ದನಿ ಕೇಳುತ್ತಿತ್ತು. ಬಂದರೆ ಮನೆ ತುಂಬುತ್ತಿತ್ತು, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ನಗು, ಬೈಗುಳ. ನನಗೆ ಅವಳೆಂದರೆ ಪ್ರೀತಿ. ಆ ಮಧ್ಯಾಹ್ನ ಅವಳು ಹಿರಿಯ ಮಗನ ಮದುವೆ ಗೊತ್ತಾದ ಸುದ್ದಿ ತಂದಿದ್ದಳು. ಒಳಗೆ ಬರುವ ಮೊದಲೇ ಚೀಲದಿಂದ ತಟ್ಟೆ ತೆಗೆದು, ಅದರಲ್ಲಿ ಕುಂಕುಮ, ಖಣ, ಎಲೆ ಅಡಿಕೆ ಇಟ್ಟುಕೊಂಡು ಹೊಸ್ತಿಲಾಚೆ ನಿಂತಳು. ಕರೆಯುವ ಪದ್ಧತಿ ಅದು. ಅವ್ವ ಒಳಗಿನ ಮಗ್ಗುಲಲ್ಲಿ ನಿಂತಳು. ಅಪ್ಪ ಊಟಕ್ಕೆಂದು ಬಂದವನು ಪಡಸಾಲೆಯಲ್ಲಿ ಚೀಲದ ಮೇಲೆ ಕೂತಿದ್ದ. ಆಯಿ ನಡುಮನೆಯ ಬಾಗಿಲಲ್ಲಿದ್ದಳು, ನಾನು ಅವಳ ಹಿಂದೆ.

“ಗೌರವ್ವಾ, ಕರ್ಯಾಕ ಬಂದೇನಿ. ಬರೂ ಸೋಮವಾರ ಕಲ್ಲಿನ ಪೂಜಿ ಹಿಡಿದೇವಿ. ಅವತ್ತಿಂದ ಲಗ್ನದ ತನಕ ನೀ ನಮ್ಮ ಮನ್ಯಾಗ. ಬೀಸೂದು, ಶ್ಯಾವಿಗಿ, ಹಪ್ಪಳ, ಎಲ್ಲಾದಕ್ಕೂ ನಿನ್ನ ಕೈನ ಮೊದಲ. ಕಮಲೀನೂ ಕರಕೊಂಡು ಬಾ, ಬೀಗರ ಹುಡುಗೋರನ ಹಿಡ್ಯಾಕ ಒಬ್ಬಾಕಿ ಬೇಕು.”

“ಕೇಳೂದೇನದ ಅಕ್ಕಾ? ನಾ ಬಸ್ಸಿಗೆ ಹತ್ತಿಸಿ ಕಳಸ್ತೀನಿ, ಇಬ್ಬರನೂ,” ಎಂದ ಅಪ್ಪ.

ನನ್ನ ಪರೀಕ್ಷೆ ಅದೇ ಸೋಮವಾರದ ವಾರದಲ್ಲಿ. ನಾನು ಅವ್ವನ ಬೆನ್ನನ್ನೇ ನೋಡುತ್ತಿದ್ದೆ. ಬಗಲಲ್ಲಿ ಹರಿದ ಕುಪ್ಪಸ, ಬಲ ರಟ್ಟೆಗೆ ಕಟ್ಟಿದ್ದ ಎಣ್ಣೆ ಬಟ್ಟೆ. ‘ಬರ್ತೀನಿ ತಗೋರಿ’ ಎಂಬ ಮಾತು ಯಾವ ಕ್ಷಣದಲ್ಲಾದರೂ ಬರುತ್ತದೆ ಎಂದು ಕಾಯುತ್ತಿದ್ದೆ. ಅದು ಬರಲಿಲ್ಲ. ಅತ್ತಿ ತಟ್ಟೆಯನ್ನು ಮುಂದೆ ಚಾಚಿಕೊಂಡೇ ನಿಂತಿದ್ದಳು. ಅವ್ವ ಹಣೆ ಮುಂದೆ ಮಾಡಿ ಕುಂಕುಮ ಹಚ್ಚಿಸಿಕೊಂಡಳು. ಆಮೇಲೆ ಹೇಳಿದಳು:

“ಇಲ್ಲ ಅಕ್ಕಾರ. ಈ ಸಲ ನನ್ನ ಕೈಲಿಂದ ಆಗೂದಿಲ್ಲ.”

ನೀಲವ್ವತ್ತಿಗೆ ಕೇಳಿಸಿರಲಿಲ್ಲ ಎಂದಲ್ಲ. ಆ ಮಾತು ಆ ಹೊಸ್ತಿಲ ಮೇಲೆ ಬರಬಹುದು ಎಂದು ಅವಳಿಗೆ ತಿಳಿದಿರಲಿಲ್ಲ.

“ಏನಂದಿ?”

“ಲಗ್ನಕ್ಕ ಬರ್ತೀನ್ರಿ. ಹಿಂದಿನ ದಿನ ಬರ್ತೀನಿ, ಅಕ್ಕಿಕಾಳ ಹಾಕ್ತೀನಿ, ಮರುದಿನದ ತನಕ ಇರ್ತೀನಿ. ಬೀಸಾಕ, ಶ್ಯಾವಿಗಿಗೆ ಬರೂದಿಲ್ಲ. ಕಮಲಿ ಪರೀಕ್ಷಾ ಅದ. ಆಕೀನೂ ಬರೂದಿಲ್ಲ.”

“ಹುಡುಗಿ ಪರೀಕ್ಷಾ! ಮಾಮಲೇದಾರ ಆಗ್ತಾಳೇನ ನಿನ್ನ ಮಗಳು?”

“ಆಗವಲ್ಲಳ್ಯಾಕರಿ. ಪರೀಕ್ಷಾಕ್ಕ ಕೂಡಲಿ ಮೊದಲ.”

ಅಪ್ಪ ಎದ್ದು ನಿಂತಿದ್ದ. “ಏ, ಹುಚ್ಚಿಯೇನ ನೀ? ಹೊಸ್ತಲದಾಗ ನಿಂತು ಏನ ಮಾತಾಡಾಕತ್ತಿ? ನಾ ಹೂಂ ಅಂದೇನಿ.”

“ನೀವ ಹೂಂ ಅಂದಿದ್ರ ನೀವ ಹೋಗಿ ಬೀಸಿ ಬರ್ರಿ,” ಎಂದಳು ಅವ್ವ. ಅವಳ ದನಿ ಏರಲಿಲ್ಲ. ದಣಿದವರು ಮಾತಾಡುವ ಹಾಗೆ, ಒಂದು ಹೊರೆಯನ್ನು ನೆಲಕ್ಕಿಳಿಸುವವರ ಹಾಗೆ, ಮೆಲ್ಲಗೆ ಹೇಳಿದಳು.

ಬೇರೆ ಹೊತ್ತಾಗಿದ್ದರೆ ಅದಕ್ಕೆ ನಾವೆಲ್ಲ ನಗುತ್ತಿದ್ದೆವು. ನೀಲವ್ವತ್ತಿಯ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು.

“ನಿನ್ನ ಕೈಗುಣಕ್ಕ ಸೊಕ್ಕ ಬಂದದ ಗೌರವ್ವಾ. ನೀ ಕೈ ಹಚ್ಚಲಿಲ್ಲಂದ್ರ ನನ್ನ ಮಗನ ಲಗ್ನ ನಿಲ್ತದೇನು?”

“ನಿಲ್ಲಬಾರದ್ರಿ ಅಕ್ಕಾರ. ನಾನೂ ಅದನ್ನ ಹೇಳಾಕತ್ತೇನಿ.”

ಅತ್ತಿ ಒಳಗೆ ಬರಲಿಲ್ಲ. ತಟ್ಟೆಯನ್ನು ಕಟ್ಟೆಯ ಮೇಲೆ ಇಟ್ಟು ತಿರುಗಿ ನಡೆದಳು. ಅಪ್ಪ ಅವಳ ಹಿಂದೆ ಟಾಂಗಾದವರೆಗೆ ಹೋದ. ಊಟಕ್ಕೆ ಬರಲಿಲ್ಲ, ಅಲ್ಲಿಂದಲೇ ಅಂಗಡಿಗೆ ಹೋದ. ಆ ಖಣ ಬಿಸಿಲಿನಲ್ಲಿ ಕಟ್ಟೆಯ ಮೇಲೇ ಬಿದ್ದಿತ್ತು, ಎತ್ತಿಡಲು ನನಗೆ ಧೈರ್ಯವಾಗಲಿಲ್ಲ.

ನಾವೆಲ್ಲ ಆಯಿಗಾಗಿ ಕಾಯುತ್ತಿದ್ದೆವು. ಅವಳ ಕಾಯಿದೆ ಮುರಿದಿತ್ತು, ಅವಳ ಮಗಳು ಬಾಗಿಲಿನಿಂದ ಹೊರಳಿ ಹೋಗಿದ್ದಳು. ಅವ್ವ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಬೈಗುಳಕ್ಕೆ ಕಾಯುತ್ತಿದ್ದಳು. ಬಿಸಿಲು ಕಲ್ಲನ್ನು ಮುಟ್ಟಿತು. ನಾನು ಎಂದಿನಂತೆ ಆಯಿಗೆ ಮಣೆ ಹಾಕಿ ತಾಟು ಇಟ್ಟೆ. ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಆಯಿ ಬಂದಳು, ಕೂರಲಿಲ್ಲ. ತಾಟನ್ನು ಕಾಲಿನಿಂದಲ್ಲ, ಬಗ್ಗಿ ಕೈಯಿಂದ, ಅವ್ವನ ಕಡೆಗೆ ಸರಿಸಿದಳು.

“ಕೂತು ಉಣ್ಣು.”

“ಅತ್ತ್ಯಾರ, ನೀವ ಮೊದಲ...”

“ಕೂತು ಉಣ್ಣು ಅಂದೆ. ಈ ಮನಿಗೆ ಬಂದಾಗಿಂದ ನೀ ಕೂತು ಉಂಡದ್ದ ನಾ ನೋಡಿಲ್ಲ.”

ಅವ್ವ ಕೂತಳು, ಉಣ್ಣಲಿಲ್ಲ. ಆಯಿ ಬೀಸುವ ಕಲ್ಲಿನ ಅಂಚಿಗೆ ಒರಗಿ, ಬಿಸಿಲಿನ ತುಂಡಿನಲ್ಲಿ ತನ್ನ ಎರಡೂ ಅಂಗೈಗಳನ್ನು ಹಿಡಿದು ನೋಡುತ್ತ ಮಾತಾಡಿದಳು, ಯಾರಿಗೆ ಎಂದು ಹೇಳದೆ.

“ನನಗೂ ಇತ್ತು ಕೈಗುಣ. ಇವರ್ಯಾರೂ ಹುಟ್ಟಿರಲಿಲ್ಲ ಆಗ. ಕನಮಡಿ ತನಕ ಬಂಡಿ ಕಟ್ಟಿ ಒಯ್ತಿದ್ರು ನನ್ನ. ನೀಲಿ ಹೊಟ್ಟ್ಯಾಗಿದ್ದಾಗ ಬೀಸೀನಿ, ಹಡೆದು ಬಾಣಂತನ ಮುಗೀಲಿಲ್ಲ, ಮತ್ತ ಬೀಸೀನಿ. ನಿಮ್ಮ ಮಾವ ಹ್ವಾದ್ರು. ಕುಂಕುಮ ಅಳಿಸಿದ ಮರುದಿನದಿಂದ ಒಬ್ಬರೂ ಬಾಗಿಲಕ್ಕ ಬರಲಿಲ್ಲ. ಮೂರು ತಿಂಗಳ ಅತ್ತೆ. ಆಮ್ಯಾಲ ಒಂದಿನ ಮಧ್ಯಾಹ್ನ ಕಣ್ಣ ತೆರದ ನೋಡ್ತೀನಿ, ಬಿಸಲ ಈ ಕಲ್ಲಿನ ಮ್ಯಾಲ ಬಿದ್ದಿತ್ತು. ಅದು ದಿನಾ ಅಲ್ಲೇ ಬೀಳ್ತದ ಅಂತ ಆತನಕ ನನಗ ಗೊತ್ತಿರಲಿಲ್ಲ. ನನ್ನ ಹೊತ್ತ ನನಗ ಅವತ್ತ ಸಿಕ್ಕತು.”

ಅವ್ವ ತಲೆ ಎತ್ತಿ ನೋಡಿದಳು.

“ನಿನಗ ಅದು ಅಷ್ಟು ತುಟ್ಟಿ ಬೀಳೂದು ಬ್ಯಾಡ,” ಎಂದಳು ಆಯಿ. “ಉಣ್ಣು.”

ನನಗೆ ಸಿಟ್ಟು ತರಿಸುತ್ತಿದ್ದ ಆ ಊಟ, ಗೋಡೆಗೆ ಮುಖ ಮಾಡಿದ ಆ ನಿದ್ದೆ, ಹೊತ್ತಿಗೆ ಸರಿಯಾಗಿ ನಡೆಯುವ ಆ ದಿನ, ಎಲ್ಲ ಎಲ್ಲಿಂದ ಬಂದವು ಎಂದು ಅವತ್ತು ತಿಳಿಯಿತು. ಪೂರ್ತಿ ತಿಳಿಯಿತು ಎನ್ನಲಾರೆ. ಆ ವಯಸ್ಸಿಗೆ ಎಷ್ಟು ತಿಳಿಯಬಹುದೋ ಅಷ್ಟು. ಮುತ್ತೈದೆಗೆ ತನ್ನದೆನ್ನುವ ಹೊತ್ತಿಲ್ಲ, ಹೊತ್ತು ಸಿಕ್ಕವಳಿಗೆ ಕುಂಕುಮವಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡವರನ್ನು ನಾನು ನಮ್ಮ ಓಣಿಯಲ್ಲಿ ಕಂಡಿರಲಿಲ್ಲ.

ಮದುವೆಯ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಮದುವೆ ನಿಲ್ಲಲಿಲ್ಲ. ಬೇರೆ ಯಾರೋ ಕೈ ಹಚ್ಚಿದರು, ಶ್ಯಾವಿಗೆ ಎಳೆ ಎಳೆಯಾಗಿ ಬಂತು. ಅವ್ವ ಹೇಳಿದಂತೆಯೇ ಹಿಂದಿನ ದಿನ ಹೋದಳು. ಅಕ್ಷತೆಯ ಅಕ್ಕಿಕಾಳು ಹಾಕುವಾಗ ಅವಳನ್ನು ಯಾರೂ ಮುಂದಕ್ಕೆ ಕರೆಯಲಿಲ್ಲ, ಹಂದರದ ಕಂಬದ ಹಿಂದೆ ನಿಂತೇ ಹಾಕಿದಳು. ನೀಲವ್ವತ್ತಿ ಆಮೇಲೆ ಹಲವು ವರ್ಷ ನಮ್ಮ ಮನೆಗೆ ಬರಲಿಲ್ಲ. ತಾಯಿಯನ್ನು ನೋಡಬೇಕೆನಿಸಿದಾಗ ಅಪ್ಪನ ಅಂಗಡಿಯಲ್ಲಿ ಕೂತು ಆಯಿಯನ್ನು ಅಲ್ಲಿಗೇ ಕರೆಸಿಕೊಳ್ಳುತ್ತಿದ್ದಳು. ಆಯಿ ಹೋಗುತ್ತಿದ್ದಳು, ಬಿಸಿಲು ಕಲ್ಲನ್ನು ಮುಟ್ಟುವ ಮೊದಲು ಮರಳುತ್ತಿದ್ದಳು. ಶೇಂಗಾ ಹೋಳಿಗೆ ನಮಗೆ ಅಂಗಡಿಯಿಂದ ಅಪ್ಪನ ಕೈಯಲ್ಲಿ ಬರುತ್ತಿತ್ತು, ಅದರ ಜೊತೆಗೆ ಬರುತ್ತಿದ್ದ ನಗು ಬರಲಿಲ್ಲ. ಅವ್ವ ಅದಕ್ಕಾಗಿ ಬಹಳ ನೊಂದಳು. ಒಂದು ಮಾತಿಗೆ ಅಷ್ಟು ಬೆಲೆ ಇರುತ್ತದೆ, ಇಲ್ಲ ಎಂದು ನಾನು ಯಾರಿಗೂ ಸುಳ್ಳು ಹೇಳುವುದಿಲ್ಲ. ಹಾಗೆಯೇ ಅವ್ವ ಒಂದೇ ದಿನದಲ್ಲಿ ಬದಲಾದಳೆಂದೂ ಹೇಳಲಾರೆ. ಆ ಮದುವೆಯಾದ ಮೇಲೆ ಪೇಟೆಯವರು ಕೆಲ ತಿಂಗಳು ಅವಳನ್ನು ಕರೆಯಲಿಲ್ಲ, ಆಮೇಲೆ ಮತ್ತೆ ಕರೆದರು. ಅವಳು ಮತ್ತೆ ಹೋದಳು. ಆದರೆ ಹೋಗುವ ಮೊದಲು ಒಂದು ಉಸಿರು ಸುಮ್ಮನಿರುವುದನ್ನು ಕಲಿತಿದ್ದಳು. ಕೆಲವೊಮ್ಮೆ ಆ ಉಸಿರಿನ ಕೊನೆಗೆ ಹೂಂ ಬರುತ್ತಿತ್ತು, ಕೆಲವೊಮ್ಮೆ ಬರುತ್ತಿರಲಿಲ್ಲ.

ಆ ಮದುವೆಗೂ ಮೊದಲು, ಪರೀಕ್ಷೆಯ ಮೊದಲ ದಿನ, ಅವ್ವ ಬೆಳಿಗ್ಗೆ ನನಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದಳು. ಟ್ರಂಕಿನ ನವಿಲು ಬಣ್ಣದ ಖಣದಲ್ಲಿ ಹಿಂದಿನ ವಾರ ಓಣಿಯ ದರ್ಜಿಯಿಂದ ಹೊಲಿಸಿದ್ದ ಪೋಲಕಾ ತೊಡಿಸಿದಳು. ಎರಡು ಹೊಲಿಸಿದ್ದಳು, ಒಂದು ನನಗೆ, ಒಂದು ತನಗೆ. ಅಪ್ಪ ಇನ್ನೂ ಅವಳೊಡನೆ ಸರಿಯಾಗಿ ಮಾತಾಡುತ್ತಿರಲಿಲ್ಲ, ಆದರೂ ಮಸಿಯಲ್ಲಿ ಅದ್ದಿ ಬರೆಯುವ ಹೊಸ ನಿಬ್ಬಿನ ಟಾಕು ಒಂದನ್ನು ಜೋಳದ ಚೀಲದ ಮೇಲೆ ನನಗೆ ಕಾಣುವ ಹಾಗೆ ಇಟ್ಟು ಹೊರಗೆ ಹೋಗಿದ್ದ. ನಾನು ಬರೆದು ಮುಗಿಸಿ ಬೆರಳಿಗೆಲ್ಲ ಮಸಿ ಮಾಡಿಕೊಂಡು ಮಧ್ಯಾಹ್ನ ನಡೆದು ಬಂದೆ. ಓಣಿಯ ತಿರುವಿನಲ್ಲಿಯೇ ನಮ್ಮ ಕಟ್ಟೆಯ ಮುಂದೆ ಒಬ್ಬಾಕೆ ಕುಂಕುಮದ ತಟ್ಟೆ ಹಿಡಿದು ನಿಂತದ್ದು ಕಾಣಿಸಿತು. ನಾನು ಹೆಜ್ಜೆ ಜೋರು ಮಾಡಿದೆ.

ಹತ್ತಿರ ಬಂದಾಗ ನೋಡಿದರೆ ಹೊಸ್ತಿಲ ಮೇಲೆ ಆಯಿ ಕೂತಿದ್ದಳು. ಹೊಸ್ತಿಲ ಮೇಲೆ ಕೂರಬಾರದು ಎಂದು ನಮ್ಮ ಬೆನ್ನಿಗೆ ಹೊಡೆಯುತ್ತಿದ್ದ ಆಯಿ, ಒಂದು ಕಾಲನ್ನು ಅಡ್ಡಲಾಗಿ ಚಾಚಿ, ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು. ಅದು ಅವಳ ಊಟದ ಹೊತ್ತು.

“ಗೌರವ್ವ ಅದಾಳೇನ್ರಿ?”

“ಅದಾಳ.”

“ನಾಳೆ ಹಪ್ಪಳಕ್ಕ ಕೈ ಹಚ್ಚಾಕ ಕರ್ಯಾಕ ಬಂದೇನ್ರಿ.”

“ಇಲ್ಲ. ಬರೂದಿಲ್ಲ ಆಕಿ.”

“ಒಂದ ಹಿಡಿ ಹಿಟ್ಟಿನ ಕೆಲಸ ಅದರಿ ಆಯಿ. ಆಕೀನ್ನ ಕರ್ರಿ, ನಾ ಕೇಳ್ತೀನಿ.”

“ಮಲಗ್ಯಾಳ,” ಎಂದಳು ಆಯಿ. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆ ಹೆಣ್ಣುಮಗಳು ತಟ್ಟೆಗೆ ಸೆರಗು ಮುಚ್ಚಿಕೊಂಡು ಹೋದಳು. ಆಯಿ ನನಗೆ ಒಳಗೆ ಹೋಗಲು ಕಾಲು ಸರಿಸಿದಳು, ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ನಡುಮನೆಗೆ ಹೋದೆ. ಆಯಿಯ ಮೂಲೆಯಲ್ಲಿ, ಆಯಿಯ ಹಾಸಿಗೆಯ ಮೇಲೆ, ಅವ್ವ ಮಲಗಿದ್ದಳು. ಹಗಲಿನಲ್ಲಿ ಅವ್ವ ಮಲಗಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬಾಯಿ ತುಸು ತೆರೆದಿತ್ತು, ಬಲಗೈ ಬಿಚ್ಚಿಕೊಂಡು ನೆಲದ ಮೇಲೆ ಬಿದ್ದಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲು ಕಲ್ಲನ್ನು ಮುಟ್ಟಿತ್ತು. ನಾನು ಪ್ರಶ್ನೆಪತ್ರಿಕೆಯನ್ನು ಸಪ್ಪಳವಾಗದಂತೆ ಮಡಿಸಿ, ಅವಳ ಕಾಲ ಬಳಿ ಗೋಡೆಗೆ ಒರಗಿ, ಆ ಬಿಸಿಲು ಕಲ್ಲನ್ನು ದಾಟುವವರೆಗೆ ಕೂತಿದ್ದೆ.